ಕುರ್ಚಿ ಹಿಡಿದ ಕುರಿಗ್ರಂಥ

ಕೊಪ್ಪಳದ ನಿಲ್ದಾಣದಲ್ಲಿ ಗಂಗಾವತಿಯ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅದರ ಕಿಟಕಿಗಳೊಳಗೆ ಟವೆಲ್ಲು, ಕರ್ಚೀಫು, ಬುತ್ತಿಯ ಚೀಲ, ಒಮ್ಮೊಮ್ಮೆ ಒಂಟಿ ಚಪ್ಪಲಿಯೂ ಹಾರಿಹೋಗಿ ಆಸನಗಳ ಮೇಲೆ ಪ್ರತಿಷ್ಠಾಪನೆಗೊಳ್ಳುವುದನ್ನು ನೀವೂ ನೋಡಿರುತ್ತೀರಿ. ಹಾಗೆ ಬಿದ್ದ ವಸ್ತು ಎಷ್ಟೇ ಕ್ಷುಲ್ಲಕವಾಗಿರಲಿ, ಅದನ್ನು ಸರಿಸಿ ಕೂರುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಈ ವಿದ್ಯೆ ನನಗೆ ಮಾತ್ರ ಕೈಗೂಡಲಿಲ್ಲ. ನಾನೆಸೆದ ಕರ್ಚೀಫು ಒಮ್ಮೆ ಕಿಟಕಿಯ ಸರಳಿಗೆ ಸಿಕ್ಕಿ, ನನ್ನನ್ನು ಕೆಳಗೇ ಬಿಟ್ಟು, ಒಂದು ಪ್ರವಾಸ ಮುಗಿಸಿ ಬಂದಿತು. ಅಂದಿನಿಂದ ನಾನು ಕಂಬಿ ಹಿಡಿದು ನಿಂತೇ ಪ್ರಯಾಣ ಮಾಡುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನಿಗೆ ಅದೇನು ದೊಡ್ಡ ಕಷ್ಟವಲ್ಲ.

ಗಂಗಾವತಿಯ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರ ಬೋಧಿಸುತ್ತೇನೆ. ಬೋಧಿಸುವಾಗಲೂ ಕಿಟಕಿಗೂ ಬಾಗಿಲಿಗೂ ನಡುವೆ ಅಲೆದಾಡುತ್ತಿರುತ್ತೇನಾದ್ದರಿಂದ ಮುಂದಿನ ಬೆಂಚಿನವರಿಗೆ ಪಾಠಕ್ಕಿಂತ ಕತ್ತುನೋವೇ ಹೆಚ್ಚು ನೆನಪಿರುತ್ತದೆ. ಇಂಥ ಚಂಚಲನ ಮಾರ್ಗದರ್ಶನಕ್ಕೆ ಬಂದು ಸಿಕ್ಕಿಕೊಂಡವಳು ಕುಷ್ಟಗಿಯ ಶಿವಲೀಲಾ. ಎಂ.ಎ. ಕೊನೆಯ ವರ್ಷದ ಕಿರುಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳು ಏನನ್ನು ಓದುತ್ತಾರೆ ಎಂಬ ವಿಷಯ. ಉಳಿದವರೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ಹಳೆಯ ಪ್ರಬಂಧಗಳನ್ನು ತರಿಸಿ, ಹೆಸರು ಬದಲಿಸಿ, ಬಂಗಾರದ ಅಕ್ಷರಗಳ ರಟ್ಟು ಹಾಕಿಸುವ ಸಂಶೋಧನೆಯಲ್ಲಿ ತೊಡಗಿದ್ದಾಗ ಈ ಹುಡುಗಿ ತಾನೇ ಕೂತು ನೋಡುತ್ತೇನೆಂದು ಹೊರಟಳು. ದಿನವೂ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೇಜುಗಳ ಮೇಲೆ ಉಳಿದ ಪುಸ್ತಕಗಳನ್ನು ಎಣಿಸಿದರೆ ಓದುಗರ ಅಭಿರುಚಿ ತಿಳಿಯುತ್ತದೆ ಎಂಬ ವಿಧಾನವನ್ನು ನಾನೇ, ಕಾರಿಡಾರಿನಲ್ಲಿ ನಡೆಯುತ್ತ, ಅವಳಿಗೆ ಹೇಳಿಕೊಟ್ಟಿದ್ದೆ.

ಫಲಿತಾಂಶ ಬಂತು. ಅತಿ ಹೆಚ್ಚು ಓದಲ್ಪಡುವ ಪುಸ್ತಕ ಕಥೆಯಲ್ಲ, ಚರಿತ್ರೆಯಲ್ಲ, ಸಾಮಾನ್ಯ ಜ್ಞಾನವೂ ಅಲ್ಲ. ಯಾರೋ ನಿವೃತ್ತ ಪಶುವೈದ್ಯರು ದಾನ ಕೊಟ್ಟಿದ್ದ, ಕುರಿಗಳ ಕಾಯಿಲೆಗಳನ್ನು ಕುರಿತ ಇಂಗ್ಲಿಷಿನ ಒಂದು ಬೃಹದ್ಗ್ರಂಥ. ಎರಡನೆಯ ಸ್ಥಾನ ಹಳೆಯ ನಿಘಂಟಿಗೆ. ನಾನು ರೋಮಾಂಚಿತನಾದೆ. ಯಲಬುರ್ಗಾ, ಕುಷ್ಟಗಿಗಳ ಕುರಿ ಸಾಕುವ ಮನೆಗಳಿಂದ ಬಂದ ಮಕ್ಕಳು ತಮ್ಮ ಬದುಕಿನ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ಹುಡುಕುತ್ತಿದ್ದಾರೆ, ಇಂಗ್ಲಿಷು ಅಡ್ಡ ಬಂದರೆ ನಿಘಂಟು ತೆರೆಯುತ್ತಿದ್ದಾರೆ ಎಂದು ಚಹಾ ಮುಗಿಯುವುದರೊಳಗೆ ಒಂದು ಸಿದ್ಧಾಂತವನ್ನೇ ಕಟ್ಟಿ ಸಹೋದ್ಯೋಗಿಗಳ ಮುಂದೆ ಮಂಡಿಸಿಬಿಟ್ಟೆ. ಅವರೂ ತಲೆದೂಗಿದರು. ನಮ್ಮಲ್ಲಿ ಯಾರೂ ಗ್ರಂಥಾಲಯದ ಕಡೆ ತಲೆಹಾಕದೆ ಬಹಳ ಕಾಲವಾಗಿದ್ದರಿಂದ ಸಿದ್ಧಾಂತಕ್ಕೆ ಯಾವ ಅಡಚಣೆಯೂ ಬರಲಿಲ್ಲ.

ಅಡಚಣೆ ತಂದವಳು ಶಿವಲೀಲಾಳೇ. ಪ್ರಬಂಧ ಸಲ್ಲಿಸುವ ದಿನ ಹತ್ತಿರವಾದಾಗ ಮುಖ ಸಣ್ಣದು ಮಾಡಿಕೊಂಡು ಬಂದು ನಿಂತಳು.

"ಸರ, ನಾ ಎಣಿಸಿದ್ದು ಓದಿದ ಪುಸ್ತಕ ಅಲ್ರಿ, ಜಾಗಾ ಹಿಡದ ಪುಸ್ತಕ ಅದಾವು. ಕರ್ಚೀಪು ಇಡಬ್ಯಾಡ್ರಿ, ಗ್ರಂಥಾಲಯದ ಪುಸ್ತಕ ಇದ್ರಷ್ಟ ಕುರ್ಚಿ ನಿಮ್ಮದು ಅಂತ ಲೈಬ್ರರಿ ಮೇಡಂ ಹೇಳ್ಯಾರಂತ. ಅದಕ್ಕ ಮುಂಜಾನಿ ಬಾಗಲಾ ತಗದ ಕೂಡ್ಲೇ ಎಲ್ಲಾರೂ ಓಡಿ ಬಂದು ದಪ್ಪನ್ನ ಪುಸ್ತಕ ಎತ್ತಿ ಇಡ್ತಾರ. ಕುರಿ ಪುಸ್ತಕ ಭಾಳ ವಜ್ಜ ಐತ್ರಿ. ಫ್ಯಾನ್ ಗಾಳಿಗೆ ಅಲುಗಾಡಂಗಿಲ್ಲ."

ನನ್ನ ಸಿದ್ಧಾಂತ ಅಲ್ಲೇ ಕುಸಿದು ಕುಳಿತಿತು; ನಾನು ಮಾತ್ರ ಕೂರಲಾಗದೆ ಶತಪಥ ಹಾಕಿದೆ. ಸಲ್ಲಿಕೆ ತಪ್ಪಿದರೆ ಅವಳಿಗೆ ಒಂದು ವರ್ಷ ನಷ್ಟ, ಪಿಎಚ್.ಡಿ. ಪ್ರವೇಶ ಪರೀಕ್ಷೆಗೆ ಕೂರುವ ಅವಳ ಆಸೆಯೂ ಮುಂದೆ ಹೋಗುತ್ತದೆ. "ಒಂದು ಅಡಿಟಿಪ್ಪಣಿ ಹಾಕಿ ಮುಗಿಸಿಬಿಡವಾ, ಯಾರೂ ನೋಡಂಗಿಲ್ಲ" ಎಂದು ಮಾರ್ಗದರ್ಶನ ಮಾಡಿದೆ.

"ಖರೇನ ಕೆಳಗಿಟ್ಟು ಮ್ಯಾಲ ಸುಳ್ಳು ಬರಿಯಾಕ ನನಗ ಬರಂಗಿಲ್ರಿ ಸರ" ಎಂದು ಹೇಳಿ ಅವಳು ಹೊರಟುಹೋದಳು.

ಮತ್ತೆ ಬಂದದ್ದು ಕೊನೆಯ ದಿನ, ಹೊಸದಾಗಿ ಬರೆದ ಪ್ರಬಂಧದೊಂದಿಗೆ. ಈ ಸಲ ಅವಳು ಪುಸ್ತಕಗಳನ್ನು ಬಿಟ್ಟು ಕುರ್ಚಿಗಳ ಬೆನ್ನು ಹತ್ತಿದ್ದಳು. ಇಟ್ಟ ಪುಸ್ತಕ ಓದದಿದ್ದರೂ ಓಡಿ ಬರುವುದೇಕೆ ಎಂದು ಒಬ್ಬೊಬ್ಬರನ್ನೇ ಕೇಳಿದ್ದಳು. ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಿದ್ದ ಯಲಬುರ್ಗಾದ ತರುಣನೊಬ್ಬ, "ಮನ್ಯಾಗ ಪುಸ್ತಕ ಹಿಡದು ಕುಂತ್ರ ಖಾಲಿ ಕುಂತಾನ ಅಂತ ಕೆಲಸಾ ಹೇಳ್ತಾರ್ರಿ. ಇಲ್ಲಿ ಕುಂತ್ರ ಓದಾಕತ್ಯಾನ ಅಂತಾರ" ಎಂದಿದ್ದ. ಆನೆಗೊಂದಿಯ ಹುಡುಗಿಯೊಬ್ಬಳು ತನ್ನದು ಅಂತ ಒಂದು ಕುರ್ಚಿ ಇರುವುದು ಇಲ್ಲಿ ಮಾತ್ರ ಎಂದಿದ್ದಳು. ಓದುತ್ತ ಓದುತ್ತ ನನಗೆ ನಾಚಿಕೆಯಾಯಿತು. ಇವರಿಗೆ ಪುಸ್ತಕದ ಮೇಲೆ ಪ್ರೀತಿಯಿಲ್ಲವೆಂದು ನಾನು ಎಷ್ಟು ಸಭೆಗಳಲ್ಲಿ ಅಲವತ್ತುಕೊಂಡಿದ್ದೆನೋ. ಓದಲು ಕೂರುವ ಜಾಗವೇ ಅವರಿಗಿಲ್ಲವೆಂಬುದು ಹೊಳೆದಿರಲಿಲ್ಲ.

ಕೊನೆಯ ಪುಟದಲ್ಲಿ ಮತ್ತೊಂದು ಮಾತಿತ್ತು. 'ಕಿಟಕಿಯ ಬಳಿ ಅಧ್ಯಾಪಕರಿಗೆ ಮಾತ್ರ ಎಂಬ ಫಲಕವಿರುವ ಒಂದು ಕುರ್ಚಿಯಿದೆ. ಅದನ್ನು ಹಿಡಿಯಲು ಯಾರೂ ಪುಸ್ತಕ ಇಡಬೇಕಾಗಿಲ್ಲ. ಅಧ್ಯಯನದ ಅವಧಿಯುದ್ದಕ್ಕೂ ಅದು ಖಾಲಿಯಾಗಿತ್ತು.'

ಅದರ ಕೆಳಗೇ ಮಾರ್ಗದರ್ಶಕರ ಸಹಿಗೆಂದು ಬಿಟ್ಟ ಜಾಗ. ನಾನು ಬಾಗಿಲವರೆಗೆ ಹೋಗಿ ಬಂದೆ, ನೀರು ಕುಡಿದೆ, ಮತ್ತೆ ಹೋಗಿ ಬಂದೆ. ಶಿವಲೀಲಾ ತಲೆ ತಗ್ಗಿಸಿಕೊಂಡೇ, "ಸರ, ಆ ಮಾತು ತಗಿ ಅನಬ್ಯಾಡ್ರಿ. ಸಹಿ ಮಾಡಂಗಿಲ್ಲ ಅಂದ್ರ ನಂದು ಒಂದ್ ವರ್ಷ ಹೊಕ್ಕೈತಿ, ಹೋಗ್ಲಿ" ಎಂದಳು. ಧ್ವನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. ವಿದ್ಯಾರ್ಥಿಗಳಲ್ಲಿ ಸಂಶೋಧನಾ ಪ್ರವೃತ್ತಿ ಇಲ್ಲವೆಂದು ಹಲುಬುವವನ ಎದುರಿಗೆ ಆ ಪ್ರವೃತ್ತಿಯೇ ನಿಂತಿತ್ತು, ನನ್ನನ್ನೇ ನೋಡುತ್ತಿತ್ತು. ನನಗೆ ಅಷ್ಟೇನೂ ಹಿತವಾಗಿರಲಿಲ್ಲ. ಸಹಿ ಮಾಡಿದೆ. ಅವಳು ಹಾಳೆಗಳನ್ನು ಎದೆಗವಚಿಕೊಂಡು ಕಚೇರಿಯ ಕಡೆ ಓಡಿದಳು.

ಮಾರನೆಯ ದಿನ ನಾನು ಗ್ರಂಥಾಲಯಕ್ಕೆ ಹೋದೆ. ಆ ಕುರ್ಚಿಯಲ್ಲಿ ಕುಳಿತು ನೋಡಿದೆ. ಸುತ್ತಲೂ ಎರಡು ಕುರ್ಚಿಗೆ ಮೂವರಂತೆ ಹೊಂದಿಕೊಂಡು ಕುಳಿತಿದ್ದರು, ಕೆಲವರು ಕಪಾಟಿಗೆ ಒರಗಿ ನೆಲದ ಮೇಲಿದ್ದರು. ಹೆಚ್ಚು ಹೊತ್ತು ಕೂರಲಾಗಲಿಲ್ಲ. ಮೇಡಂ ಅವರ ಒಪ್ಪಿಗೆ ಪಡೆದು ಫಲಕವನ್ನು ಬಿಚ್ಚಿ ಅವರ ಡ್ರಾಯರಿನಲ್ಲಿಟ್ಟು ಬಂದೆ. ಇನ್ನು ಮೇಲೆ ದಿನವೂ ಬಂದು ಎಲ್ಲರಂತೆಯೇ ಕೂರಬೇಕೆಂಬ ಉದಾತ್ತ ಸಂಕಲ್ಪವನ್ನೂ ಮಾಡಿದೆ.

ಸಂಕಲ್ಪದ ಮೊದಲನೆಯ ದಿನ ಬಿಡುವಾದ ಮೇಲೆ ಹೋಗಿ ನೋಡುತ್ತೇನೆ, ಕಿಟಕಿಯ ಬಳಿಯ ಆ ಕುರ್ಚಿಯ ಮುಂದೆ ಕುರಿಗಳ ಕಾಯಿಲೆಯ ಬೃಹದ್ಗ್ರಂಥ ವಿರಾಜಮಾನವಾಗಿದೆ. ಪಕ್ಕದ ಕುರ್ಚಿಯಲ್ಲಿ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಶಿವಲೀಲಾ ತಲೆಯೆತ್ತಿ, ನಗು ತಡೆದುಕೊಂಡು ಮೆಲ್ಲಗೆ ಹೇಳಿದಳು: "ತಡಾ ಮಾಡಿದ್ರಿ ಸರ. ನಾಳಿ ಲಗೂನ ಬರ್ರಿ."

ಸರಿಸಿ ಕೂರುವ ಧೈರ್ಯ ನನಗೂ ಇರಲಿಲ್ಲ. ಕಪಾಟಿನಿಂದ ಒಂದು ಪುಸ್ತಕ ತೆಗೆದೆ, ಬಸ್ಸಿನ ಕಂಬಿ ಹಿಡಿಯುವ ಹಾಗೆ ಒಂದು ಕೈಯಲ್ಲಿ ಕಪಾಟಿನ ಅಂಚು ಹಿಡಿದು, ನಿಂತೇ ಓದತೊಡಗಿದೆ. ಕೊಪ್ಪಳಕ್ಕೆ ಹೋಗುವ ನನ್ನ ಬಸ್ಸು ಅಂದು ತಪ್ಪಿಹೋಯಿತು.