ಬಂಡೆಯ ಮೇಲಿನ ರೀವ

ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಹಾರುವ ಹಕ್ಕಿಯ ಫೋಟೊ ತೆಗೆಯಲು ಕಲಿಸುತ್ತೇನೆಂದು ನಮ್ಮ ತರಬೇತುದಾರರು ಬೆಳಿಗ್ಗೆ ನನ್ನನ್ನು ತುಂಗಭದ್ರೆಗೆ ಕರೆದೊಯ್ದಿದ್ದರು. ಹರಿಗೋಲು ನಡೆಸುತ್ತಿದ್ದವರು ಹುಲಿಗೆಪ್ಪ ಎಂಬ ಹಿರಿಯರು. ಹೊಳೆಯ ನಡುವಿನ ಬಂಡೆಯ ಮೇಲೆ ರೀವ ಹಕ್ಕಿಯೊಂದು ಕಾವಿಗೆ ಕೂತಿತ್ತು.

"ಎಬ್ಬಿಸಬ್ಯಾಡ್ರಿ, ಬಿಸಿಲಿಗೆ ತತ್ತಿ ಕೆಡ್ತಾವ," ಎಂದರು ಹುಲಿಗೆಪ್ಪ. "ಸ್ವಲ್ಪ ತಡೀರಿ. ತಾನ ಎದ್ದು ಹೊಳ್ಯಾಗ ಹೊಟ್ಟಿ ತೋಯಿಸ್ಕೊಂಡು ಬರ್ತೈತಿ, ತತ್ತಿ ತಂಪು ಮಾಡಾಕ."

ಹಕ್ಕಿ ಹೀಗೆ ಒದ್ದೆ ಹೊಟ್ಟೆಯಲ್ಲಿ ಮೊಟ್ಟೆಗೆ ನೀರು ತರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಯೋಣ ಎಂದೆ. ತರಬೇತುದಾರರಿಗೆ ಅಷ್ಟು ವ್ಯವಧಾನವಿರಲಿಲ್ಲ. "ಶಟರ್ ಮೇಲೆ ಬೆರಳಿಡಿ" ಎಂದವರೇ ಜೋರಾಗಿ ಚಪ್ಪಾಳೆ ತಟ್ಟಿದರು. ಹಕ್ಕಿ ಚೀರುತ್ತ ಎದ್ದಿತು. ನನ್ನ ಬೆರಳು ಒತ್ತಿಯೇಬಿಟ್ಟಿತು. ಅಷ್ಟರಲ್ಲಿ ಎಲ್ಲಿತ್ತೋ, ಕಾಗೆಯೊಂದು ಬಂದು ಮೊಟ್ಟೆ ಕಚ್ಚಿಕೊಂಡು ಹೋಯಿತು.

"ಅದು ಪ್ರಕೃತಿ ನಿಯಮ," ಎಂದರು ತರಬೇತುದಾರರು.

ಚಪ್ಪಾಳೆ ತಟ್ಟಿದ್ದು ಯಾವ ಪ್ರಕೃತಿ ಎಂದು ಕೇಳಿದೆ.

ಹುಲಿಗೆಪ್ಪ ಹರಿಗೋಲನ್ನು ದಡಕ್ಕೆ ತಿರುಗಿಸಿದರು. ಕೊಟ್ಟ ಬಾಡಿಗೆಗೆ ಇನ್ನೂ ಅರ್ಧ ಗಂಟೆ ಇದೆಯಲ್ಲ ಎಂದು ತರಬೇತುದಾರರು ತಕರಾರು ತೆಗೆದರು.

"ಇಳೀರಿ ಸರ," ಎಂದರು ಹುಲಿಗೆಪ್ಪ. "ನಾಳೆನೂ ನಾನು ಆ ಹಕ್ಕಿ ಮುಂದ ಹಾದು ಹೋಗಬೇಕು."

ದಡದಲ್ಲಿ ನಿಂತು ಕ್ಯಾಮೆರಾ ನೋಡಿದೆ. ಮೂರು ತಿಂಗಳ ಕಲಿಕೆಯಲ್ಲಿ ಮೊದಲ ಬಾರಿಗೆ ರೆಕ್ಕೆಯ ಒಂದೊಂದು ಗರಿಯೂ ಸ್ಪಷ್ಟವಾಗಿ ಮೂಡಿತ್ತು. "ತೋರಿಸಿ" ಎಂದು ತರಬೇತುದಾರರು ಕೈ ಚಾಚಿದರು. ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಬಸ್ ನಿಲ್ದಾಣದ ಕಡೆ ನಡೆದೆ.