ಡೋಲ್ಮಾ ಅಜ್ಜಿಯ ಹಣೆಯ ಗಂಧ

ಆಗೆಲ್ಲ ನಮ್ಮ ಕೊಕ್ಕಡದ ಕಡೆ ಕ್ಯಾಮರಾ ಎಂದರೆ ಮದುವೆಗೆ ಮಾತ್ರ ಬರುವ ವಸ್ತು. ಫೋಟೋ ಆಗಿ ಗೋಡೆ ಏರಬೇಕಾದರೆ ಒಂದೋ ದೇವರಾಗಿರಬೇಕು, ಇಲ್ಲವೇ ಸತ್ತಿರಬೇಕು. ಅಂಥ ಕಾಲದಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ನಮ್ಮ ಡ್ರಾಯಿಂಗ್ ಮಾಷ್ಟ್ರು ದಸರಾ ರಜೆಗೆ ಹಿಮಾಲಯದ ಸ್ಪಿತಿ ಕಣಿವೆಗೆ ಹೋಗಿ ಚೀಲದ ತುಂಬ ಅಲ್ಲಿಯವರ ಮುಖಗಳನ್ನು ತಂದರು. ಫೋಟೋಗಳನ್ನು ಬೆಂಚಿನ ಮೇಲೆ ಹರವಿ, "ಒಬ್ಬೊಬ್ಬರು ಒಂದೊಂದು ತೆಗೊಳ್ಳಿ. ಹಿಂದಿಯಲ್ಲಿ ಕಾಗದ ಬರೆದು, ಅದರೊಟ್ಟಿಗೆ ಫೋಟೋ ಇಟ್ಟು ಅವರಿಗೇ ಪೋಸ್ಟ್ ಮಾಡುವ," ಎಂದರು.

ನನ್ನ ಪಾಲಿಗೆ ಬಂದದ್ದು ಡೋಲ್ಮಾ ಎಂಬ ಮುದುಕಿ. ಪಕ್ಕದವಳಿಗೆ ಕುರಿಮರಿ ಹಿಡಿದ ಚಂದದ ಮಗು ಸಿಕ್ಕಿತ್ತು, ಹಾಗಾಗಿ ಮುಖ ಸಿಂಡರಿಸಿದೆ. ಆಮೇಲೆ ಮುದುಕಿಯ ಕೈ ನೋಡಿದೆ. ಉಣ್ಣೆ ನೂಲುತ್ತಿದ್ದಳು. ತೋರುಬೆರಳಿಗೆ ನೂಲು ಸುತ್ತಿಕೊಂಡ ರೀತಿ, ಉಗುರಿನ ಪಕ್ಕದ ಸೀಳು, ಎಲ್ಲ ನಮ್ಮ ಅಜ್ಜಿಯದೇ. ನಮ್ಮಜ್ಜಿ ಬೀಡಿ ಕಟ್ಟುವವಳು. ಅವಳ ಬೆರಳಲ್ಲೂ ದಿನವಿಡೀ ನೂಲು.

"ಇವರದ್ದು ಅಂತ ಒಂದು ಫೋಟೋ ಕೂಡ ಇಲ್ಲ ಮಾರಾಯ್ತಿ," ಎಂದರು ಮಾಷ್ಟ್ರು. "ಕಳಿಸ್ತೀಯಾ ಅಂತ ಮೂರು ಸಲ ಕೇಳಿದ್ರು. ಕಳಿಸ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಜಾಗ್ರತೆ, ಆಯ್ತಾ?"

"ಆಯ್ತು ಸರ್."

ಮನೆಗೆ ಬಂದು ಜಗಲಿಯಲ್ಲಿ ಕೂತಿದ್ದ ಅಜ್ಜಿಗೆ ತೋರಿಸಿದೆ. ಮಡಿಲಿನ ಗೆರಸೆಯಿಂದ ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆಯುತ್ತಿತ್ತು.

"ಇವರು ಸಹ ಬೀಡಿ ಕಟ್ಟುದಾ?"

"ಅಲ್ಲ ಅಜ್ಜಿ, ಉಣ್ಣೆ."

"ಯಾವುದಾದ್ರೇನು, ಬೆನ್ನು ನೋಯುದು ಒಂದೇ," ಎಂದು ಅಜ್ಜಿ ಫೋಟೋವನ್ನು ಹೊಗೆಸೊಪ್ಪಿನ ಡಬ್ಬಿಗೆ ಒರಗಿಸಿ ಜಾಗ ಮಾಡಿಕೊಟ್ಟಳು.

ಅಂದಿನಿಂದ ಡೋಲ್ಮಾ ಅಜ್ಜಿ ನಮ್ಮ ಮನೆಯವಳಾದಳು. ಬೇಯಿಸಿದ ಗೆಣಸು ತಿನ್ನುವಾಗ ಅವಳಿಗೊಂದು ತುಂಡು ತೋರಿಸಿಯೇ ಬಾಯಿಗೆ ಹಾಕುತ್ತಿದ್ದೆ. ಲಗೋರಿಯಲ್ಲಿ ಸೋತು ಬಂದರೆ ಅವಳ ಹತ್ತಿರ ದೂರು. ಉಳಿದವರ ಲಕೋಟೆಗಳು ಹೊರಟುಹೋದವು. ನಾನು ನಾಳೆ, ನಾಡಿದ್ದು ಎಂದು ದಿನ ದೂಡಿದೆ. ಕಳಿಸಲು ಮನಸ್ಸಾಗಲಿಲ್ಲ.

ಒಂದು ಶುಕ್ರವಾರ ಅಜ್ಜಿ ನನ್ನ ಜಡೆಗೆ ಅಬ್ಬಲಿಗೆ ಮುಡಿಸಿದಳು. ಡೋಲ್ಮಾ ಅಜ್ಜಿಗೂ ಇರಲಿ ಎಂದು, ನಮ್ಮ ಅಜ್ಜನ ಫೋಟೋಕ್ಕೆ ಮಾಡುತ್ತಿದ್ದ ಹಾಗೆಯೇ, ಗಂಧ ತೇಯ್ದು ಹಣೆಗೆ ಬೊಟ್ಟಿಟ್ಟು ಮೇಲೊಂದು ಹೂ ಇರಿಸಿದೆ.

ಅಜ್ಜಿ ನೋಡಿದವಳೇ ಗೆರಸೆ ಕೆಳಗಿಟ್ಟಳು. "ಎಂಥ ಮಾಡಿದ್ದು ಮಗಾ? ಬದುಕಿದ್ದವರ ಫೋಟೋಕ್ಕೆ ಗಂಧ ಹೂ ಇಡ್ತಾರಾ? ಅವರ ಆಯುಷ್ಯ ಕಳೀತದೆ."

ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು. ಗಂಧದ ಜೊತೆಗೆ ಹಣೆಯ ಬಣ್ಣವೂ ಎದ್ದು ಬಂತು. ಕರಿಮೆಣಸಿನ ಕಾಳಿನಷ್ಟು ಬಿಳಿ ಚುಕ್ಕೆ ಉಳಿಯಿತು.

ಅಷ್ಟು ದೂರದ ಮುದುಕಿಯನ್ನು ನಾನೇ ಕೊಂದೆ ಎಂದು ನಂಬಿಬಿಟ್ಟೆ. ಫೋಟೋವನ್ನು ಲಕೋಟೆಯ ಸಮೇತ ಟ್ರಂಕಿನ ತಳಕ್ಕೆ ತುರುಕಿದೆ.

"ಪೋಸ್ಟ್ ಹಾಕಿದ್ಯಾ?" ಎಂದು ಮಾಷ್ಟ್ರು ಕೇಳಿದರು.

"ಹಾಕಿದೆ ಸರ್."

ಚಳಿ ಮುಗಿಯುವ ಹೊತ್ತಿಗೆ ನಾಲ್ಕು ಮಕ್ಕಳಿಗೆ ಉತ್ತರ ಬಂತು. ಒಂದರಲ್ಲಿ ಒಣಗಿದ ಹಣ್ಣಿನ ಚೂರುಗಳಿದ್ದವು. ಹುಳಿ, ಸ್ವಲ್ಪ ಹೊಗೆಯ ವಾಸನೆ. ನಾಚಿಕೆ ಬಿಟ್ಟು ನಾನೂ ತಿಂದೆ.

"ನಿನಗೆ ಬರಲಿಲ್ಲ ಅಂತ ಬೇಜಾರು ಮಾಡಬೇಡ," ಎಂದು ಮಾಷ್ಟ್ರು ತಲೆ ಸವರಿದರು. "ಅವರಿಗೆ ಬರೀಲಿಕ್ಕೆ ಬರುದಿಲ್ಲ, ಪಾಪ. ಫೋಟೋ ಮುಟ್ಟಿತಲ್ಲ, ಸಾಕು."

ನೆಗೆಟಿವ್ ಅವರ ಹತ್ತಿರವೇ ಇತ್ತು. ಬಾಯಿ ಬಿಟ್ಟಿದ್ದರೆ ವಾರದೊಳಗೆ ಇನ್ನೊಂದು ಪ್ರಿಂಟ್ ಹಾಕಿಸಿ ಕಳಿಸುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಮುದುಕಿಯ ಜೀವದ ಭಯಕ್ಕಿಂತ ಆ ಹೊತ್ತಿಗೆ ಸುಳ್ಳು ಸಿಕ್ಕಿಬೀಳುವ ಭಯವೇ ದೊಡ್ಡದಾಗಿತ್ತು. ಇದನ್ನು ಒಪ್ಪಿಕೊಳ್ಳಲು ಈಗಲೂ ಕಷ್ಟವಾಗುತ್ತದೆ.

ಈಗ ನಾನು ಮೂಡುಬಿದಿರೆಯಲ್ಲಿದ್ದೇನೆ. ಅಜ್ಜಿ ಇಲ್ಲ, ಮಾಷ್ಟ್ರು ತೀರಿಕೊಂಡೂ ನಾಲ್ಕು ವರ್ಷವಾಯಿತು. ನನ್ನ ಫೋನಿನಲ್ಲಿ ಸಾವಿರಾರು ಮುಖಗಳಿವೆ. ಒಂದನ್ನೂ ಕಳಿಸಿಕೊಡುತ್ತೇನೆಂದು ಯಾರಿಗೂ ಮಾತು ಕೊಟ್ಟವಳಲ್ಲ. ಕಳೆದ ವರ್ಷ ಟ್ರಂಕು ಖಾಲಿ ಮಾಡುವಾಗ ಲಕೋಟೆ ಸಿಕ್ಕಿತು. ವಿಳಾಸ ಮಾಷ್ಟ್ರ ದುಂಡು ಅಕ್ಷರದಲ್ಲಿತ್ತು. "ತಡವಾಯಿತು, ಕ್ಷಮಿಸಿ" ಎಂದಷ್ಟೇ ಬರೆದು, ನನ್ನ ನಂಬರ್ ಹಾಕಿ, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ.

ತಿಂಗಳ ಮೇಲೆ ಫೋನ್ ಬಂತು. ಡೋಲ್ಮಾ ಅಜ್ಜಿಯ ಮೊಮ್ಮಗ. ಅಜ್ಜಿ ತೀರಿಹೋಗಿ ಆರು ವರ್ಷವಾಯಿತು ಎಂದ. ನಾನು ಕೊಂದಿರಲಿಲ್ಲ, ಕಾಯಿಸಿದ್ದೆ.

"ಅಂಚೆಯವನು ಬಂದಾಗೆಲ್ಲ ಫೋಟೋ ಬಂತಾ ಎಂದು ಕೇಳುತ್ತಿದ್ದಳು," ಎಂದ ಅವನು, ಹಿಂದಿಯಲ್ಲಿ. "ನಾವು ನಗುತ್ತಿದ್ದೆವು, ಆ ಮೇಷ್ಟ್ರು ಮರೆತಿರಬೇಕು ಎಂದು. ಅವಳು ಒಪ್ಪಲಿಲ್ಲ. ಮಾತು ತಪ್ಪುವವನ ಮುಖ ಅದಲ್ಲ, ಅವನು ಸತ್ತೇ ಹೋಗಿರಬೇಕು ಎಂದಳು. ಆಮೇಲೆ ಅವಳಿರುವವರೆಗೂ ಅವನ ಹೆಸರಿನಲ್ಲಿ ದೀಪ ಹಚ್ಚಿದಳು."

ಆ ವರ್ಷಗಳಲ್ಲಿ ಮಾಷ್ಟ್ರು ಗಟ್ಟಿಯಾಗಿದ್ದರು. ಬೆಳ್ತಂಗಡಿ ಪೇಟೆಯಲ್ಲಿ ಕಂಡಾಗೆಲ್ಲ, "ನಿನ್ನ ಡೋಲ್ಮಾ ಅಜ್ಜಿ ಫೋಟೋ ನೋಡಿ ಎಷ್ಟು ಖುಷಿ ಪಟ್ಟಿರಬಹುದಲ್ಲ," ಎನ್ನುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ.

"ಈಗ ಅಜ್ಜಿಯನ್ನು ಗೋಡೆಗೆ ಹಾಕಿದ್ದೇವೆ," ಎಂದ ಮೊಮ್ಮಗ. "ಒಂದು ಕೇಳಲಾ? ಹಣೆಯ ಮೇಲೆ ಒಂದು ಬಿಳಿ ಚುಕ್ಕೆ ಉಂಟಲ್ಲ, ಅದೇನು?"

ಯಾರಿಗೆ ಹೇಳಬೇಕಾಗಿತ್ತೋ ಆ ಇಬ್ಬರೂ, ಮಾಷ್ಟ್ರು ಮತ್ತು ಡೋಲ್ಮಾ ಅಜ್ಜಿ, ಹೋಗಿಯಾಗಿತ್ತು. ನಾನು ಗಂಧದಿಂದ ಶುರುಮಾಡಿ, ಒಂದನ್ನೂ ಬಿಡದೆ ಅವನಿಗೆ ಹೇಳಿದೆ.