ವಾಲುವ ದೋಣಿಗೆ ಜಾರದ ಡ್ರಾಯರ್

ಪೀಣ್ಯದ ನನ್ನ ಶೆಡ್‌ನಲ್ಲಿ ಮಾಡುವುದು ಅಡುಗೆಮನೆಯ ಕಪಾಟುಗಳನ್ನು. ಸಮುದ್ರಕ್ಕೂ ನನಗೂ ಇದ್ದ ನಂಟು ಉಪ್ಪಿನ ಡಬ್ಬದಷ್ಟೇ. ಆದರೂ ವೈಟ್‌ಫೀಲ್ಡ್‌ನಿಂದ ನಿವೃತ್ತ ದಂಪತಿ ಬಂದು, ಕಾರವಾರದಲ್ಲಿರುವ ತಮ್ಮ ಹಾಯಿದೋಣಿಯ ಸಾಮಾನಿನ ಪೆಟ್ಟಿಗೆಗಳನ್ನು ಸರಿಮಾಡಿಕೊಡಿ ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಆಗಲ್ಲ ಅನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ.

ಆ ದೋಣಿಯಲ್ಲಿ ಕೂರುವ ಹಲಗೆಯೇ ಪೆಟ್ಟಿಗೆಯ ಮುಚ್ಚಳ. ಒಳಗಿನ ಕಾಫಿಪುಡಿ ಬೇಕೆಂದರೆ ಕೂತವರನ್ನು ಎಬ್ಬಿಸಿ, ಮೆತ್ತೆ ಎತ್ತಿ, ಬಗ್ಗಿ ತಳದವರೆಗೂ ತಡಕಾಡಬೇಕು. ಮೇಡಂಗೆ ವಿಪರೀತ ಮಂಡಿನೋವು.

"ಇದೊಂದು ಸರಿಹೋಗ್ಲಿಲ್ಲ ಅಂದ್ರೆ ನಾನಂತೂ ಇನ್ನು ಬರಲ್ಲ ರೀ. ನೀವೊಬ್ರೇ ಹೋಗಿ," ಎಂದು ಗಂಡನಿಗೆ ನನ್ನೆದುರೇ ಹೇಳಿದರು.

"ನೀನಿಲ್ದೆ ನಾನೇನ್ ಮಾಡ್ಲಿ? ದೋಣಿ ಮಾರ್ಬಿಡ್ತೀನಿ," ಎಂದರು ಸಾರ್. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು.

ಮುಚ್ಚಳದ ಗೋಜೇ ಬೇಡ, ಸೀಟಿನ ಮುಂಭಾಗ ಕೊಯ್ದು ಡ್ರಾಯರ್ ಇಟ್ಟರಾಯಿತು ಎಂದುಕೊಂಡೆ. ದೋಣಿಯ ಅಳತೆಗೆ ಶೆಡ್‌ನಲ್ಲೇ ಒಂದು ಸೀಟು ಕಟ್ಟಿಸಿದೆ. ಡ್ರಾಯರ್‌ಗಳ ಎರಡೂ ಬದಿಗೆ, ಬೆರಳು ತಾಗಿದರೆ ಜಾರುವ ನುಣುಪು ಚಾನೆಲ್, ಅಂದರೆ ಉಕ್ಕಿನ ಹಳಿ, ಹಾಕಿಸಿದೆ. ಅಡುಗೆಮನೆಗೆ ಅದನ್ನು ಹಾಕಿಸಿಕೊಂಡವರೆಲ್ಲ ಹೊಗಳಿದವರೇ. ಡ್ರಾಯರ್ ತುಂಬಿದ್ದರೆ ನೋಡಲು ಚೆನ್ನ ಎಂದು ಪಾತ್ರೆ ತುಂಬಿಸಿ, ಟೆಂಪೋಗೆ ಏರಿಸಿ, ಅವರಿಗೆ ತೋರಿಸಲು ಹೊರಟೆ.

ಮೊದಲ ತಿರುವಿನಲ್ಲೇ ಡ್ರಾಯರ್‌ಗಳೆಲ್ಲ ದಡಬಡನೆ ಹೊರಬಂದವು. ಲೋಟ, ತಟ್ಟೆ ಎಲ್ಲ ಚೆಲ್ಲಾಪಿಲ್ಲಿ.

"ಅಕ್ಕ, ದೋಣೀಲಿ ಹಿಂಗಾಗಿದ್ರೆ ಯಾರ್ದಾದ್ರೂ ಕಾಲ್ ಮುರೀತಿತ್ತು," ಎಂದು ಡ್ರೈವರ್ ನಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. ಅಲುಗಾಡದ ಮನೆಗೆ ಒಪ್ಪಿದ್ದು ವಾಲಾಡುವ ದೋಣಿಗೆ ಹೇಗೆ ಒಪ್ಪೀತು? ಇಷ್ಟು ಹೊಳೆಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡು ಟೆಂಪೋ ವಾಪಸು ತಿರುಗಿಸಿದೆ.

ಚಾನೆಲ್ ಕಿತ್ತು ಡ್ರಾಯರ್‌ಗಳನ್ನು ಮರದ ಪಟ್ಟಿಗಳ ಮೇಲೆ ಕೂರಿಸಿದೆವು. ಪ್ರತಿ ಡ್ರಾಯರ್‌ನ ತಳದಲ್ಲಿ ಒಂದು ಕಚ್ಚು ಕೊರೆದೆವು. ಪೂರ್ತಿ ಒಳಗೆ ತಳ್ಳಿದಾಗ ಅದು ಚೌಕಟ್ಟಿನ ಅಂಚಿಗೆ ಇಳಿದು ಕೂರುತ್ತದೆ. ಸ್ವಲ್ಪ ಮೇಲೆತ್ತಿ ಎಳೆದರಷ್ಟೇ ಬರುತ್ತದೆ. ಮತ್ತೆ ಪಾತ್ರೆ ತುಂಬಿಸಿ ಟೆಂಪೋ ಹತ್ತಿಸಿದೆ.

"ಗುಂಡಿ ತಪ್ಪಿಸ್ಬೇಡ ಕಣಪ್ಪ, ಹುಡುಕಿ ಹುಡುಕಿ ಇಳಿಸು," ಎಂದೆ ಡ್ರೈವರ್‌ಗೆ.

ನಮ್ಮ ರಸ್ತೆಗಳಲ್ಲಿ ಹುಡುಕುವ ಕಷ್ಟವೇ ಇಲ್ಲ. ನಮ್ಮ ಸೊಂಟ ಸಡಿಲವಾಯಿತೇ ಹೊರತು ಒಂದು ಡ್ರಾಯರೂ ಬಾಯಿ ಬಿಡಲಿಲ್ಲ. ನಾನು ಕೇಕೆ ಹಾಕಿದೆ.

ಮರುದಿನ ದಂಪತಿಯನ್ನು ಶೆಡ್‌ಗೆ ಕರೆಸಿದೆ. ಗಾಳಿಗೆ ವಾಲಿದ ದೋಣಿಯಂತೆ ಸೀಟಿನ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡಿದ್ದೆವು. ಸಾರ್ ಅದರ ಮೇಲೆ ಕೂತರು, ಮೇಡಂ ಎದುರಿನ ಬೆಂಚಿನಲ್ಲಿ. ಮೇಡಂ ಡ್ರಾಯರ್‌ಗೆ ಕೈ ಚಾಚಿದ್ದೇ ತಡ, ಸಾರ್ ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೋದರು.

"ಕೂತ್ಕೊಳ್ರೀ ಸುಮ್ನೆ!" ಎಂದು ಮೇಡಂ ಗದರಿದರು.

ಕೂತಲ್ಲಿಂದಲೇ, ಒಂದೇ ಕೈಯಲ್ಲಿ ಡ್ರಾಯರ್ ಎತ್ತಿ ಎಳೆದು, ಸಕ್ಕರೆ ಡಬ್ಬ ತೆಗೆದು, ಮತ್ತೆ ತಳ್ಳಿ ಮುಚ್ಚಿದರು. ಒಂದು ಗಳಿಗೆ ತಮ್ಮ ಮಂಡಿಯನ್ನೇ ನೋಡಿಕೊಂಡರು. ಆಮೇಲೆ ಗಂಡನ ಕಡೆ ತಿರುಗಿ ಕೇಳಿದರು:

"ಯಾವಾಗ್ ಹೊರಡೋದು?"